ಗುವಾಹಟಿಗೆ ಹತ್ತು ತಾಸು

ಶೇಖವ್ವ ಇವತ್ತಿನವರೆಗೂ ವಿಮಾನ ಹತ್ತಿದವಳಲ್ಲ. ಹತ್ತುವ ಆಸೆಯೂ ಇಲ್ಲ ಎನ್ನುತ್ತಾಳೆ. ಅದನ್ನು ಪೂರ್ತಿ ನಂಬಬೇಕಾಗಿಲ್ಲ. ಆದರೆ ದೇಶದ ಯಾವ ಊರು ಬೆಂಗಳೂರಿನಿಂದ ಎಷ್ಟು ದೂರ ಎಂದು ಅವಳಷ್ಟು ಖಚಿತವಾಗಿ ಹೇಳುವವರು ಇಡೀ ಪೀಣ್ಯದಲ್ಲಿ ಸಿಗುವುದು ಕಷ್ಟ. ಕಿಲೋಮೀಟರ್ ಕೇಳಿದರೆ ತಲೆ ಅಲ್ಲಾಡಿಸುತ್ತಾಳೆ. ಅವಳ ಅಳತೆ ಐಸ್ ಪ್ಯಾಕಿನದು. ಚೆನ್ನೈ ಐದು, ಮುಂಬೈ ಆರು, ದಿಲ್ಲಿ ಎಂಟು, ಗುವಾಹಟಿ ಹತ್ತು.

ಪೀಣ್ಯ ಎರಡನೇ ಹಂತದ ಒಂದು ಓಣಿಯಲ್ಲಿ, ಎಡಕ್ಕೆ ಲೇತ್ ಶೆಡ್ಡು, ಬಲಕ್ಕೆ ಪೌಡರ್ ಕೋಟಿಂಗ್ ಶೆಡ್ಡು, ನಡುವೆ ಅವಳು ಕೆಲಸ ಮಾಡುವ ಜಾಗ. ಲಸಿಕೆ, ಔಷಧ, ಒಮ್ಮೊಮ್ಮೆ ರಕ್ತ, ಇವನ್ನೆಲ್ಲ ಥರ್ಮಾಕೋಲ್ ಡಬ್ಬಿಯಲ್ಲಿ ತಣ್ಣಗೆ ಕಟ್ಟಿ ವಿಮಾನದಲ್ಲಿ ದೂರದ ಊರುಗಳಿಗೆ ಕಳಿಸುವ ಸಣ್ಣ ಕಂಪನಿ ಅದು. ಕುಷ್ಟಗಿ ಕಡೆಯಿಂದ ಗಂಡ ಸಿದ್ರಾಮನ ಜೊತೆ ಗಾರೆ ಕೆಲಸಕ್ಕೆಂದು ಬಂದವಳು ಮೊದಲು ಇಲ್ಲಿ ಕಸ ಗುಡಿಸಿದಳು, ಆಮೇಲೆ ಡಬ್ಬಿ ಒರೆಸಿದಳು, ಈಗ ಒಂಬತ್ತು ವರ್ಷದಿಂದ ಡಬ್ಬಿ ಕಟ್ಟುತ್ತಿದ್ದಾಳೆ. ಓದಿದ್ದು ಐದನೇ ಇಯತ್ತೆ.

ಬಾಗಲಗುಂಟೆಯಲ್ಲಿ ಅವಳಿಗೆ ಕೋಣೆ ಬಾಡಿಗೆಗೆ ಕೊಟ್ಟಿರುವ ನಾಗಲಕ್ಷ್ಮಮ್ಮ ಒಮ್ಮೆ ದಿಲ್ಲಿಯ ಮಗಳ ಮನೆಗೆ ಹೋಗಿಬಂದು, "ಎರಡೂಮುಕ್ಕಾಲು ಗಂಟೆ ಕಣೇ ಶೇಖವ್ವ, ಕಣ್ ಮುಚ್ಚಿ ಬಿಡೋದ್ರೊಳಗೆ ದಿಲ್ಲಿ!" ಎಂದು ಬೀದಿಗೆಲ್ಲ ಸಾರಿದ್ದರು. ಶೇಖವ್ವ ಸುಮ್ಮನಿರಬಹುದಿತ್ತು. ಇರಲಿಲ್ಲ. "ಅಮ್ಮಾರ, ಮನಿ ಬಿಟ್ಟಿದ್ದು ಎಷ್ಟಕ್ಕ? ಮಗಳ ಮನಿ ಮುಟ್ಟಿದ್ದು ಎಷ್ಟಕ್ಕ?" ಎಂದು ಕೇಳಿದಳು. ಬಿಟ್ಟದ್ದು ಬೆಳಿಗ್ಗೆ ಐದಕ್ಕೆ, ಮುಟ್ಟಿದ್ದು ಮಧ್ಯಾಹ್ನ ಒಂದಕ್ಕೆ. "ಎಂಟ್ ತಾಸು ಆತಲ್ರಿ ಮತ್ತ." ನಾಗಲಕ್ಷ್ಮಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಆ ಲೆಕ್ಕವನ್ನು ಅವಳು ಪುಕ್ಕಟೆ ಕಲಿತದ್ದಲ್ಲ. ಕೆಲಸಕ್ಕೆ ಹೊಸಬಳಾಗಿದ್ದಾಗ ಶ್ರೀನಗರಕ್ಕೆ ಒಂದು ಡಬ್ಬಿ ಲಸಿಕೆ ಕಟ್ಟಿದ್ದಳು. ಆಗಿನ ಮೇಲ್ವಿಚಾರಕರು ವಿಮಾನ ಹಾರುವ ಹೊತ್ತು ಹೇಳಿದ್ದರು, ಅವಳು ಅಷ್ಟಕ್ಕೇ ಐಸ್ ಇಟ್ಟಳು. ಡಬ್ಬಿ ಅಲ್ಲಿ ಇಳಿದು ಬಿಸಿಲಲ್ಲಿ ಕೂತು, ಲಾರಿಗೆ ಕಾದು, ಗುಡ್ಡ ಕುಸಿದು ರಸ್ತೆ ಮುಚ್ಚಿ, ನಾಲ್ಕನೇ ದಿನ ವಾಪಸ್ ಬಂತು. ಮುಚ್ಚಳ ತೆಗೆದವಳ ಕೈಗೆ ಲಸಿಕೆಯ ಸೀಸೆಗಳು ಬೆಚ್ಚಗೆ ತಾಗಿದವು. ಯಾರೂ ಬೈಯಲಿಲ್ಲ. ಯಾವ ಮಕ್ಕಳಿಗೆ ಹೋಗಬೇಕಾಗಿದ್ದ ಲಸಿಕೆಯೋ ಎಂದು ಅವಳಿಗೆ ಎರಡು ದಿನ ಊಟ ಇಳಿಯಲಿಲ್ಲ. ಅಂದಿನಿಂದ ವಿಮಾನ ಎಷ್ಟು ಹೊತ್ತು ಹಾರುತ್ತದೆ ಎಂದು ಅವಳು ಕೇಳುವುದನ್ನೇ ಬಿಟ್ಟಳು. ಡ್ರೈವರುಗಳನ್ನು, ಕಾರ್ಗೊದಲ್ಲಿ ಹೊರೆ ಹೊರುವವರನ್ನು ಹಿಡಿದು, ಡಬ್ಬಿ ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ಕೂರುತ್ತದೆ ಎಂದು ವಿಚಾರಿಸಿದಳು. ತಾಸಿಗೊಂದು ಪ್ಯಾಕ್ ಎಂಬುದು ಅವಳೇ ಮಾಡಿಕೊಂಡ ನಿಯಮ.

ಅದರ ಜೊತೆಗೆ ಇನ್ನೊಂದು ಪಾಠ. ಹೆಚ್ಚು ತಣ್ಣಗಿದ್ದರೆ ಒಳ್ಳೆಯದು ಎಂದು ಯಾರಿಗಾದರೂ ಅನಿಸುತ್ತದೆ. ರಕ್ತಕ್ಕೆ ಹಾಗಲ್ಲ. ಡೀಪ್ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕ್ ಕಲ್ಲಾಗಿರುತ್ತದೆ. ಅದನ್ನು ಹಾಗೇ ರಕ್ತದ ಚೀಲಕ್ಕೆ ತಾಗಿಸಿಟ್ಟರೆ ರಕ್ತವೂ ಮಂಜುಗಡ್ಡೆಯಾಗಿ, ಅದರೊಳಗಿನ ಜೀವಕಣ ಒಡೆಯುತ್ತದೆ. ಒಡೆದದ್ದು ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಅಂಥ ರಕ್ತ ಮೈಗೆ ಹೋದರೆ ಜೀವಕ್ಕೇ ಕುತ್ತು. ಆದ್ದರಿಂದ ಪ್ಯಾಕನ್ನು ಮೇಜಿನ ಮೇಲೆ ಮುಕ್ಕಾಲು ತಾಸು ಹರಡಿಡಬೇಕು. ಮೈ ಬೆವರಬೇಕು. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಒಳಗೆ ಸ್ವಲ್ಪ ನೀರು ಕುಲುಕಬೇಕು. ಆಮೇಲೆ ಡಬ್ಬಿಗೆ.

ಆ ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ ರಕ್ತನಿಧಿಯಿಂದ ಎರಡು ಚೀಲ ರಕ್ತ ಬಂತು. ಬಾಂಬೆ ಬ್ಲಡ್ ಗ್ರೂಪ್. ಹತ್ತು ಸಾವಿರ ಜನರಲ್ಲಿ ಒಬ್ಬರಿಗಿದ್ದರೆ ಹೆಚ್ಚು. ಗುವಾಹಟಿಯ ಒಂದು ಆಸ್ಪತ್ರೆಯಲ್ಲಿ ಹೆರಿಗೆಯಾದ ಹೆಂಗಸಿನ ರಕ್ತ ತೀರಾ ಇಳಿದುಹೋಗಿತ್ತು, ಸಂಜೆಯೊಳಗೆ ಆಪರೇಷನ್ ಆಗಲೇಬೇಕಿತ್ತು. ಬೇರೆ ಗುಂಪಿನ ರಕ್ತ ಅವಳಿಗೆ ಆಗುವುದಿಲ್ಲ. ಈ ಎರಡು ಚೀಲ ಬರದೆ ಡಾಕ್ಟರು ಕೈ ಹಾಕುವಂತಿರಲಿಲ್ಲ. ವಿಮಾನ ಹನ್ನೊಂದೂ ನಲವತ್ತಕ್ಕೆ. ಕಾರ್ಗೊ ಕೌಂಟರು ಒಂಬತ್ತೂ ನಲವತ್ತೈದಕ್ಕೆ ಮುಚ್ಚುತ್ತದೆ.

ಮೇಜಿನ ಮೇಲೆ ಬೆವರಿ ಸಿದ್ಧವಾಗಿದ್ದ ಪ್ಯಾಕುಗಳು ಆರೇ. ಉಳಿದವು ಮುಂಜಾನೆಯೇ ಬೇರೆ ಡಬ್ಬಿಗೆ ಹೋಗಿದ್ದವು. ಶೇಖವ್ವ ಫ್ರೀಜರಿನಿಂದ ಇನ್ನು ನಾಲ್ಕನ್ನು ತೆಗೆದು, ಬೇಗ ಬೆವರಲೆಂದು ಹಿಂದಿನ ಬಚ್ಚಲಿನ ತೊಟ್ಟಿಯಲ್ಲಿ ನೀರಿಗೆ ಹಾಕಿದಳು.

ರುದ್ರೇಶ್ ಬಂದ. ಮೂರು ತಿಂಗಳ ಹಿಂದೆ ಸೇರಿದ್ದ ಹೊಸ ಮ್ಯಾನೇಜರು. ಕೆಟ್ಟವನಲ್ಲ, ಚುರುಕು, ಆ ಚುರುಕೇ ಒಂದೊಂದು ಸಲ ಕಾಟ. ಮೊಬೈಲು ತೆಗೆದು ತೋರಿಸಿದ.

"ನೋಡಕ್ಕಾ, ಬೆಂಗಳೂರು ಟು ಗುವಾಹಟಿ. ಎರಡು ಸಾವಿರ ಚಿಲ್ಲರೆ ಕಿಲೋಮೀಟರ್. ಫ್ಲೈಟು ಮೂರು ಗಂಟೆ. ಆರು ಪ್ಯಾಕ್ ಅಂದ್ರೆ ಡಬಲ್ ಆಯ್ತಲ್ಲ. ಇನ್ನೇನಕ್ಕೆ ಕಾಯ್ತಿದ್ದೀಯಾ?"

"ಮೂರ್ ತಾಸು ವಿಮಾನದ್ದು ಸಾರ್. ಡಬ್ಬೀದು ಹತ್ತು ತಾಸು. ಇಲ್ಲಿಂದ ಏರ್‌ಪೋರ್ಟು, ಅಲ್ಲಿ ಕೂರೋದು, ಇಳಿದ ಮ್ಯಾಲ ಮತ್ತ ಕೂರೋದು, ಆಸ್ಪತ್ರಿ ಮುಟ್ಟೋದು. ಹತ್ತ ಬೇಕು."

"ಸರಿ ತಾಯಿ, ಹತ್ತೇ ಇಡು. ಎಂಟೂಹತ್ತಕ್ಕೆ ಗಾಡಿ ಬಿಡ್ಬೇಕು ಅಷ್ಟೆ." ಅವನು ಗೋಣು ಅಲ್ಲಾಡಿಸಿದ. "ಕಾಗದಕ್ಕೆ ಮುಂದಿನ ಆಫೀಸಲ್ಲಿ ಮುದ್ರೆ ಹಾಕಿಸ್ಕೊಂಡು ಬಾ, ಓಡು."

ಅವಳು ಓಡಿದಳು. ಮುದ್ರೆ ಹಾಕುವವನು ಚಹಾ ಕುಡಿಯಲು ಹೋಗಿದ್ದ, ಹತ್ತು ನಿಮಿಷ ಹೋಯಿತು. ವಾಪಸ್ ಬರುವಷ್ಟರಲ್ಲಿ ಡಬ್ಬಿಗೆ ಟೇಪು ಸುತ್ತಿ, ಸೀಲು ಬಿಗಿದು, ಡ್ರೈವರ್ ವಸಂತನ ವ್ಯಾನಿಗೆ ಏರಿಸಿ ಆಗಿತ್ತು. "ನಾನೇ ಕಟ್ಟಿದೆ ಅಕ್ಕಾ, ನೀನು ಹೇಳಿದ್ ಹಾಗೇ, ಎಣಿಸಿ ಹತ್ತು" ಎಂದು ರುದ್ರೇಶ್ ಹೆಮ್ಮೆಯಿಂದ ಹೇಳಿದ. ವ್ಯಾನು ಜಾಲಹಳ್ಳಿ ಕ್ರಾಸಿನ ಕಡೆಗೆ ತಿರುಗಿತು. ಶೇಖವ್ವ ಮೇಜು ಒರೆಸಿ, ನೆಲ ಗುಡಿಸಿ, ಕೈ ತೊಳೆಯಲು ಬಚ್ಚಲಿಗೆ ಹೋದಳು.

ತೊಟ್ಟಿಯಲ್ಲಿ ನಾಲ್ಕೂ ಪ್ಯಾಕುಗಳು ತೇಲುತ್ತಿದ್ದವು.

ಅವಳು ಲೆಕ್ಕ ಹಾಕಿದಳು. ಮೇಜಿನ ಮೇಲಿದ್ದದ್ದು ಆರು. ನಾಲ್ಕು ಇಲ್ಲಿವೆ. ಹಾಗಿದ್ದರೆ ಡಬ್ಬಿಯೊಳಗಿನ ಹತ್ತು ಎಲ್ಲಿಂದ ಬಂತು? ಹೋಗಿ ಫ್ರೀಜರಿನ ಮುಚ್ಚಳ ಎತ್ತಿದಳು. ಮೇಲಿನ ಸಾಲಿನಲ್ಲಿ ನಾಲ್ಕು ಜಾಗ ಖಾಲಿ.

"ಸಾರ್, ಫ್ರೀಜರಿಂದ ತಗದು ಹಂಗ ಇಟ್ರೇನು?"

"ಹೂಂ. ಯಾಕೆ? ಒಳ್ಳೆ ಗಟ್ಟಿಯಾಗಿತ್ತು. ಜಾಸ್ತಿ ಹೊತ್ತು ಬರ್ಲಿ ಅಂತ ಚೀಲದ ಪಕ್ಕಕ್ಕೇ ಇಟ್ಟೆ."

"ಗಾಡಿ ನಿಲ್ಲಸ್ರಿ! ರಕ್ತ ಸೆಟಗೊಂಡು ಕೆಡತೈತ್ರಿ ಅದು!"

ಅವನ ಮುಖ ಬಿಳಿಚಿಕೊಂಡಿತು. ಆದರೂ ಮೊದಲು ಬಾಯಿಗೆ ಬಂದದ್ದು ಎಲ್ಲರ ಬಾಯಿಗೂ ಬರುವ ಮಾತೇ. "ಏನೂ ಆಗಲ್ಲಕ್ಕಾ. ಒಳಗೆ ಲಾಗರ್ ಇದೆ, ಟೆಂಪರೇಚರ್ ಬರ್ಕೊಳ್ಳುತ್ತೆ. ಸೀಲ್ ಒಡೆದ್ರೆ ಕಾಗದ ಕ್ಯಾನ್ಸಲ್. ಒಂಬತ್ತೂ ನಲವತ್ತೈದು ಮಿಸ್ ಆದ್ರೆ ಫ್ಲೈಟೇ ಮಿಸ್. ಆ ಹೆಂಗಸಿಗೆ ಏನೂ ಹೋಗಲ್ಲ ಆಗ!"

"ಕೆಟ್ಟ ರಕ್ತ ಹೋಗೂದ್ಕಿಂತ ಏನೂ ಹೋಗದಿದ್ರ ಚಲೋ."

ಸೀಲು ಒಡೆಯಲು ರಕ್ತನಿಧಿಯ ಒಪ್ಪಿಗೆ ಬೇಕು. ಅಲ್ಲಿಗೆ ಫೋನು ಮಾಡಲು ರುದ್ರೇಶನಿಗೆ ಕೈ ಬರಲಿಲ್ಲ. ಶೇಖವ್ವನಿಗೆ ಸಿಟ್ಟು ನೆತ್ತಿಗೇರಿತು. ಆರ್ಡರ್ ಕಾಗದದ ಮೇಲಿದ್ದ ನಂಬರನ್ನು ಬೆರಳಿಟ್ಟು ಓದಿ ತನ್ನ ಫೋನಿನಿಂದಲೇ ಒತ್ತಿದಳು. ರಕ್ತನಿಧಿಯ ಸೌಮ್ಯಾ ಮೇಡಂ ಎತ್ತಿದರು.

"ಯಾರು ಮಾತಾಡ್ತಿರೋದು?"

"ಡಬ್ಬಿ ಕಟ್ಟೋಕಿ ರೀ, ಶೇಖವ್ವ. ಗುವಾಹಟಿ ಡಬ್ಬ್ಯಾಗ ಬೆವರದ ಪ್ಯಾಕ್ ನಾಕು ಹೋಗ್ಯಾವು. ಚೀಲಕ್ಕ ತಾಗಿ ಕುಂತಾವು. ಗಾಡಿ ಹೋಗಿ ಇಪ್ಪತ್ ನಿಮಿಷ ಆತು. ಒಡೀಲಿಕ್ಕೆ ಹೇಳ್ರಿ."

"ಯಾರು ಇಟ್ಟಿದ್ದು?"

ರುದ್ರೇಶ್ ಗೋಡೆಗೆ ಒರಗಿ ನಿಂತಿದ್ದ. "ಅದನ್ನ ಆಮ್ಯಾಲ ಕೇಳ್ರಿ ಮೇಡಂ" ಎಂದಳು ಶೇಖವ್ವ.

"ಒಡೀರಿ. ವಿಡಿಯೋದಲ್ಲಿ ನಾನೂ ಇರ್ತೀನಿ. ವ್ಯಾನಲ್ಲಿ ಬೇರೆ ಸೀಲ್ ಇದೆಯಾ? ಅದರ ನಂಬರ್ ಕೊಡಿ, ಹೊಸ ಕಾಗದ ನಾನು ಕಳಿಸ್ತೀನಿ. ಕಾರ್ಗೊಗೂ ಹೇಳ್ತೀನಿ, ಆದ್ರೆ ಅವ್ರು ಕಾಯಲ್ಲ."

ರುದ್ರೇಶ್ ಫೋನು ಮಾಡಿ ಹೇಳಿದ ಮೇಲೆ ವಸಂತ್ ಹೆಬ್ಬಾಳದ ಫ್ಲೈಓವರು ದಾಟಿ ಒಂದು ಪೆಟ್ರೋಲ್ ಬಂಕಿಗೆ ನುಗ್ಗಿಸಿದಾಗ ಎಂಟೂಮುಕ್ಕಾಲು. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ನಲವತ್ತು ನಿಮಿಷ ಹಿಡಿದರೂ ಒಂಬತ್ತೂ ಐದಕ್ಕೆ ಹೊರಡಲೇಬೇಕು. ರುದ್ರೇಶನ ದೊಡ್ಡ ಫೋನನ್ನು ಶೇಖವ್ವ ಎರಡೂ ಕೈಯಲ್ಲಿ ಹಿಡಿದಿದ್ದಳು. ಅದರ ಒಂದು ಮೂಲೆಯಲ್ಲಿ ಸೌಮ್ಯಾ, ಇನ್ನೊಂದರಲ್ಲಿ ವಸಂತನ ಗಡ್ಡ.

"ಒಂದೊಂದ ತಗದು ಫೋನಿನ ಹಂತ್ಯಾಕ ಅಲುಗಸು, ತಮ್ಮಾ."

ಅಲುಗಿಸಿದ. ಬಳ್ಳಾರಿ ರಸ್ತೆಯ ಲಾರಿಗಳ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. "ಒಳಗ ಕುಂಡ್ರು! ಬಾಗಲಾ ಹಾಕ್ಕೋ!" ಬಾಗಿಲು ದಡಾರನೆ ಮುಚ್ಚಿತು. ಈಗ ಕೇಳಿಸಿತು.

"ಇದು ನೀರು, ಇರಲಿ. ಇದೂ ನೀರು. ಇದು... ಇನ್ನೊಮ್ಮೆ. ಕಲ್ಲು, ಹೊರಗ ತಗಿ. ಬಂಕಿನಾಗ ಬಕೀಟು ಇರತೈತಿ ನೋಡು, ಅದರ ನೀರಿಗೆ ಹಾಕು." ನಾಲ್ಕೂ ಸಿಕ್ಕವು, ನಾಲ್ಕೂ ಬಕೆಟ್ಟಿಗೆ ಹೋದವು.

"ಈಗ ಚೀಲ ಮುಟ್ಟು. ಮೆಲ್ಲಕ."

"ಒಂದು ಮೆತ್ತಗಿದೆ ಅಕ್ಕಾ. ನೀಟಾಗಿದೆ." ವಸಂತನ ದನಿ ಇಳಿಯಿತು. "ಇನ್ನೊಂದು... ಒಂದು ಮೂಲೆ ಗಟ್ಟಿ. ಒತ್ತಿದ್ರೆ ಒಳಗೆ ಕಲ್ಲುಪ್ಪು ಸಿಗೋ ಥರ ಆಗುತ್ತೆ. ಇಲ್ಲಾ, ಈಗ ಸ್ವಲ್ಪ ಮೆತ್ತಗಾಯ್ತು. ನನ್ ಕೈ ಬಿಸಿಗೆ ಇರ್ಬೇಕು."

ಸೌಮ್ಯಾ ಲಾಗರ್ ಓದಿಸಿದರು. ಎರಡು ಪಾಯಿಂಟ್ ಒಂದು ಡಿಗ್ರಿ. "ಎರಡರಿಂದ ಆರರೊಳಗೆ ಇರ್ಬೇಕು, ಕಾಗದದ ಪ್ರಕಾರ ಇದು ಸರಿಯಾಗೇ ಇದೆ" ಎಂದರು ನಿಧಾನವಾಗಿ. "ಲಾಗರ್ ಅಳೆಯೋದು ಡಬ್ಬಿಯ ಗಾಳೀನ, ಚೀಲದ ಮೂಲೇನಲ್ಲ. ಆ ಪ್ಯಾಕ್‌ಗಳ ಗುಣ ನಿಮಗೆ ಗೊತ್ತು. ಅನುಮಾನ ಇದ್ರೆ ನಾನು ತೆಗೆಸ್ತೀನಿ. ಇದೆಯಾ, ಶೇಖವ್ವ?"

ಡಾಕ್ಟರು ಕೇಳಿರುವುದು ಎರಡು ಚೀಲ. ಬೆಂಗಳೂರಿನಲ್ಲಿ ಮೂರನೆಯದಿಲ್ಲ. ಹತ್ತು ಹನ್ನೆರಡು ಕಿಲೋಮೀಟರಿನಾಚೆ ಕೂತು, ಫೋನಿನಲ್ಲಿ ಕೇಳಿದ ಮಾತಿನ ಮೇಲೆ ಶೇಖವ್ವ ಒಬ್ಬ ಬಾಣಂತಿಯ ಪಾಲನ್ನು ಅರ್ಧ ಮಾಡಬೇಕು. ತಪ್ಪಿದರೆ? ಕೆಟ್ಟಿಲ್ಲದ್ದನ್ನು ಕೆಟ್ಟಿದೆ ಎಂದು ತೆಗೆಸಿ, ಅಲ್ಲಿ ರಕ್ತ ಸಾಲದೆ ಹೋದರೆ? ಹೇಳದೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಲಾಗರ್ ಕೂಡ ಅವಳ ಪರ. ಆ ಯೋಚನೆ ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು.

"ಕಲ್ಲುಪ್ಪು ಅಂದ್ನಲ್ರಿ. ಕೆಟ್ಟೈತಿ. ತಗಸ್ರಿ."

"ತೆಗೀರಿ ವಸಂತ್" ಎಂದರು ಸೌಮ್ಯಾ.

ಡಬ್ಬಿಯಲ್ಲಿ ಈಗ ಒಂದೇ ಚೀಲ, ಆರೇ ಪ್ಯಾಕು. ಎಂಟೂ ಐವತ್ತಾರು. "ಹೊರಡ್ಲಾ?" ಎಂದ ವಸಂತ್.

"ಹೊರಡ್ಲಿ ಅಕ್ಕಾ, ಆರು ಸಾಕು" ಎಂದು ರುದ್ರೇಶ್ ಹಿಂದಿನಿಂದ ಬೇಡಿಕೊಂಡ.

"ಸಾಲಂಗಿಲ್ಲ. ನಿಂದ್ರು."

ಒಂಬತ್ತು ನಿಮಿಷ ಅವರು ಬಕೆಟ್ಟನ್ನು ಕಾದರು. ಇಡೀ ಜನ್ಮದಲ್ಲಿ ಶೇಖವ್ವ ಅಷ್ಟು ಉದ್ದದ ಒಂಬತ್ತು ನಿಮಿಷ ಕಂಡಿರಲಿಲ್ಲ. ವಸಂತ್ ನೀರಿನಲ್ಲಿ ಕೈ ಅದ್ದಿ ಪ್ಯಾಕುಗಳನ್ನು ತಿರುವುತ್ತಲೇ ಇದ್ದ. ಗಾಳಿ ಹಾಕಿಸಲು ಬಂದವರು ಹಾರ್ನು ಬಾರಿಸಿ ಬೈಯುತ್ತಿದ್ದರು. ಎರಡು ನಿಮಿಷಕ್ಕೊಮ್ಮೆ ಅವನು ವ್ಯಾನಿನೊಳಗೆ ಕೂತು ಬಾಗಿಲು ಹಾಕಿಕೊಂಡು ಅಲುಗಿಸುವುದು, ಇವಳು "ಇನ್ನೂ ಇಲ್ಲ" ಎನ್ನುವುದು. ಒಂಬತ್ತೂ ಮೂರಕ್ಕೆ ಒಂದು ಕುಲುಕಿತು. ಒಂಬತ್ತೂ ನಾಲ್ಕಕ್ಕೆ ಇನ್ನೆರಡು. ನಾಲ್ಕನೆಯದು ಕಲ್ಲಾಗೇ ಇತ್ತು.

"ಅದನ್ನ ಬಿಡು. ಒಂಬತ್ತು ಇಟ್ಟು ಸೀಲ್ ಹಾಕು. ಓಡು, ಇನ್ನ ನಿಂದ್ರಬ್ಯಾಡ."

ಒಂಬತ್ತೂ ನಲವತ್ತನಾಲ್ಕಕ್ಕೆ ಡಬ್ಬಿ ಕೌಂಟರಿನ ಒಳಗಾಯಿತು ಎಂದು ವಸಂತ್ ಫೋನು ಮಾಡಿದ. ಆದರೆ ಶೇಖವ್ವನಿಗೆ ನೆಮ್ಮದಿ ಎಂಬುದು ಬರಲಿಲ್ಲ.

ಮಧ್ಯಾಹ್ನಕ್ಕೆ ಮುಂಚೆ ವಸಂತ್ ಆ ಇನ್ನೊಂದು ಚೀಲವನ್ನು ವಾಪಸ್ ತಂದ. ರಕ್ತನಿಧಿಯವರು ಬಂದು ಒಯ್ಯುವವರೆಗೆ ಅಲುಗಿಸದೆ ಫ್ರಿಜ್ಜಿನಲ್ಲಿ ನೇತುಹಾಕಿ ಎಂದಿದ್ದರು ಸೌಮ್ಯಾ. ಗಾಜಿನ ಬಾಗಿಲಿನ ಹಿಂದೆ ಅದು ತೂಗುತ್ತಿತ್ತು, ಎಲ್ಲ ಚೀಲಗಳ ಹಾಗೇ ಕೆಂಪಗೆ, ಏನೂ ಆಗಿಲ್ಲವೆಂಬಂತೆ. ಶೇಖವ್ವ ಊಟದ ಡಬ್ಬಿ ಬಿಚ್ಚಿ ರೊಟ್ಟಿ ಮುರಿದು ಹಾಗೇ ಮುಚ್ಚಿದಳು. ನಾನು ದುಡುಕಿದೆನೇ? ಚೆನ್ನಾಗಿದ್ದ ರಕ್ತವನ್ನು ಇಲ್ಲಿ ನೇತುಹಾಕಿಕೊಂಡು ಕೂತಿದ್ದೇನೆಯೇ? ವಿಮಾನ ಈಗ ಎಲ್ಲಿದೆಯೋ, ಅದರ ಹೊಟ್ಟೆಯಲ್ಲಿ ಒಂದೇ ಒಂದು ಚೀಲ. ಗುರುತು ಪರಿಚಯವಿಲ್ಲದ ಆ ಹೆಂಗಸಿನ ಎದುರು ತಾನು ಕಳ್ಳಿಯಾದಂತೆ ಅವಳಿಗೆ ಅನಿಸಿತು.

ರುದ್ರೇಶನೂ ಊಟ ಮಾಡಲಿಲ್ಲ. ಕಂಪ್ಯೂಟರಿನ ಮುಂದೆ ಕೂತಿದ್ದ, ಏನೂ ಟೈಪು ಮಾಡುತ್ತಿರಲಿಲ್ಲ.

ಮೂರು ಗಂಟೆ ಹೊತ್ತಿಗೆ ಚೀಲದೊಳಗೆ ರಕ್ತ ತಳಕ್ಕಿಳಿಯಿತು. ಮೇಲೆ ಎರಡು ಬೆರಳಿನಷ್ಟು ತಿಳಿ ನಿಂತಿತು. ಒಳ್ಳೆಯ ರಕ್ತದ ಮೇಲೆ ನಿಲ್ಲುವ ತಿಳಿ ಒಣಹುಲ್ಲಿನ ಬಣ್ಣದ್ದು, ಅದನ್ನು ಅವಳು ನೂರಾರು ಸಲ ನೋಡಿದ್ದಳು. ಇದು ಕೋಕಂ ಶರಬತ್ತಿನ ಕೆಂಪು. ಒಡೆದ ಜೀವಕಣದ ಬಣ್ಣ ಮೇಲಕ್ಕೆ ಬಂದಿತ್ತು.

"ಸಾರ್, ಬರ್ರಿ ಇಲ್ಲಿ" ಎಂದು ಕರೆದಳು. ತನ್ನ ಮಾತು ನಿಜವಾಯಿತೆಂಬ ಸಮಾಧಾನ ಒಂದು ಕಡೆ, ಇದು ಆ ಬಾಣಂತಿಯ ಮೈಗೆ ಹೋಗುತ್ತಿತ್ತಲ್ಲ ಎಂಬ ನಡುಕ ಇನ್ನೊಂದು ಕಡೆ.

ರುದ್ರೇಶ್ ನೋಡಿದ. ಆಮೇಲೆ ಜೇಬಿನಿಂದ ಫೋನು ತೆಗೆದು, ಶೇಖವ್ವನ ಎದುರೇ ನಿಂತು ನಂಬರ್ ಒತ್ತಿದ. "ಸೌಮ್ಯಾ ಮೇಡಂ, ರುದ್ರೇಶ್ ಮಾತಾಡ್ತಿರೋದು. ಬೆಳಿಗ್ಗೆ ಕೇಳಿದ್ರಲ್ಲ, ಯಾರು ಇಟ್ಟಿದ್ದು ಅಂತ. ನಾನು ಮೇಡಂ. ರಿಪೋರ್ಟಲ್ಲಿ ನನ್ ಹೆಸರೇ ಬರೀರಿ. ಆಕೆ ಹತ್ತಿರದಲ್ಲೂ ಇರ್ಲಿಲ್ಲ." ಫೋನು ಇಟ್ಟ ಮೇಲೆ ಅವನ ಕಣ್ಣು ತುಂಬಿತ್ತು, ಅದನ್ನು ಒರೆಸಿಕೊಳ್ಳಲು ಅವನು ಬಚ್ಚಲಿನ ಕಡೆ ಹೋದ.

ಡಬ್ಬಿ ಗುವಾಹಟಿಯಲ್ಲಿ ಇಳಿದದ್ದು ಎರಡೂ ನಲವತ್ತಕ್ಕೆ. ವಿಮಾನ ಮೂರೇ ಗಂಟೆ ತೆಗೆದುಕೊಂಡಿತು, ಮೊಬೈಲು ಹೇಳಿದ್ದು ಸುಳ್ಳಲ್ಲ. ಆದರೆ ಡಬ್ಬಿ ಹೊರಗೆ ಬರಲು ಒಂದೂವರೆ ಗಂಟೆ ಹಿಡಿಯಿತು. ದಾರಿಯಲ್ಲಿ ಮಳೆ, ಟ್ರಾಫಿಕ್ಕು. ಆಸ್ಪತ್ರೆಯ ಮೇಜಿನ ಮೇಲೆ ಅದನ್ನು ತೆರೆದಾಗ ಆರೂಕಾಲು. ಲಾಗರ್ ತೋರಿಸಿದ್ದು ಐದು ಪಾಯಿಂಟ್ ಏಳು. ಆರು ದಾಟಿದ್ದರೆ ಅದನ್ನೂ ಎಸೆಯುತ್ತಿದ್ದರು.

ಮನೆಗೆ ಹೋಗುವ ಹೊತ್ತಾದರೂ ಶೇಖವ್ವ ಹೋಗಿರಲಿಲ್ಲ. ಸಿದ್ರಾಮ ಎರಡು ಸಲ ಫೋನು ಮಾಡಿದ್ದ. ಏಳೂಮುಕ್ಕಾಲಿಗೆ ಸೌಮ್ಯಾ ಮೇಡಂ ಕರೆ ಬಂತು. ರುದ್ರೇಶ್ ಸ್ಪೀಕರ್ ಹಾಕಿದ.

"ಆಪರೇಷನ್ ಮುಗೀತು. ಒಂದರಲ್ಲೇ ನಿಭಾಯಿಸಿದಾರೆ. ಎಚ್ಚರ ಆಗಿದೆ, ಮಗು ಎಲ್ಲಿ ಅಂತ ಕೇಳಿದಳಂತೆ. ನಾಳೆಗೆ ಇನ್ನೊಂದು ಚೀಲ ಬೇಕು. ದಾವಣಗೆರೆಯಲ್ಲಿ ಒಬ್ರು ದಾನಿ ಸಿಕ್ಕಿದಾರೆ, ಈಗಾಗಲೇ ಹೊರಟಿದಾರೆ. ಬೆಳಿಗ್ಗೆ ಚೀಲ ನಿಮ್ಮಲ್ಲಿಗೆ ಕಳಿಸ್ತೀನಿ. ಅದೇ ಫ್ಲೈಟು."

ಶೇಖವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಬೆಳಿಗ್ಗೆಯಿಂದ ತಡೆದದ್ದೆಲ್ಲ ಒಟ್ಟಿಗೆ ಬಂತು. ರುದ್ರೇಶ್ ಏನು ಮಾಡಬೇಕೆಂದು ತಿಳಿಯದೆ ನೀರಿನ ಬಾಟಲಿ ತಂದುಕೊಟ್ಟ.

"ನಾಳೆ ಆ ಡಬ್ಬಿಗೆ ನಾನು ಕೈ ಹಾಕಲ್ಲ ಅಕ್ಕಾ" ಎಂದ. "ಆಣೆ ಮಾಡಿ ಹೇಳ್ತೀನಿ. ದೂರದಲ್ಲೇ ನಿಂತಿರ್ತೀನಿ."

ಅವಳು ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು. ಬೆಳಗಿನ ಸಿಟ್ಟು ಇನ್ನೂ ಪೂರ್ತಿ ಹೋಗಿರಲಿಲ್ಲ.

"ಯಾಕ ಹಾಕಂಗಿಲ್ಲ? ಏಳಕ್ಕ ಬರ್ರಿ, ನನ್ನ ಬಾಜೂಕ ನಿಂದ್ರಿ, ಕೈ ಹಾಕ್ರಿ, ಕಲೀರಿ. ಒಂದಿನ ನಾ ಇಲ್ಲಿ ಇರಾಂಗಿಲ್ಲ. ಗುವಾಹಟಿ ಆಗೂ ಅಷ್ಟ ದೂರ ಇರತೈತಿ."